ಲ್ಯಾಪ್‌ಟಾಪಿನ ವೈಫೈಯನ್ನು ಮಳೆಮಾಪಕಕ್ಕೆ ದಾಟಿಸಿದ ಬಗೆ

ಬದಿಯಡ್ಕದ ಸಮೀಪವಿರುವ ನಮ್ಮ ಮನೆಯ ಅಂಗಳದಾಚೆ ಒಂದು ಮಳೆಮಾಪಕವಿದೆ. 0.2 ಮಿಲಿಮೀಟರ್ ಮಳೆ ಬಿದ್ದಾಗಲೊಮ್ಮೆ ಅದರೊಳಗಿನ ಪುಟ್ಟ ಬಟ್ಟಲು ವಾಲುತ್ತದೆ. ಚಾವಡಿಯಲ್ಲಿರುವ ರಾಸ್ಪ್‌ಬೆರಿ ಪೈ ಜೀರೋ ಎಂಬ ಪುಟ್ಟ ಕಂಪ್ಯೂಟರ್ ಆ ಹೊತ್ತನ್ನು ಬರೆದಿಡುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಟ್ಟು ಎಷ್ಟು ಗಂಟೆಗಳ ಬಳಿಕ ಮಳೆ ಬಂತು ಎಂಬುದು ನನಗೆ ಬೇಕಾದ ಲೆಕ್ಕ. ಆದರೆ ಈ ಪೈಯಲ್ಲಿ ಬ್ಯಾಟರಿಯ ಗಡಿಯಾರವಿಲ್ಲ, 2015ರ ಮೊದಲ ಮಾದರಿಯಾದ್ದರಿಂದ ವೈಫೈಯೂ ಇಲ್ಲ. ಆಟಿಯ ಮಳೆಗೆ ಕರೆಂಟು ಹೋಗಿ ಬಂದಾಗಲೆಲ್ಲ ಅದು ನಿಂತಲ್ಲಿಂದಲೇ ಸಮಯವನ್ನು ಎಣಿಸತೊಡಗಿ, ಮಧ್ಯಾಹ್ನದ ಮಳೆಯನ್ನು ಬೆಳಗ್ಗಿನದೆಂದು ದಾಖಲಿಸುತ್ತಿತ್ತು. ಇಂಟರ್ನೆಟ್ ಸಿಕ್ಕಿದರೆ ಸಮಯವನ್ನು ತಾನೇ ಸರಿಪಡಿಸಿಕೊಳ್ಳುವುದರಿಂದ, ಉಬುಂಟು ಎಂಬ ಕಾರ್ಯಾಚರಣೆ ವ್ಯವಸ್ಥೆ ಇರುವ ಹಳೆಯ ಲ್ಯಾಪ್‌ಟಾಪಿನ ವೈಫೈಯನ್ನು ಅದಕ್ಕೆ ಹಂಚಲು ನಿರ್ಧರಿಸಿದೆ.

ಪೈಯ ಮೆಮೊರಿ ಕಾರ್ಡಿನಲ್ಲಿರುವ ಎರಡು ಕಡತಗಳಲ್ಲಿ ಡಿಡಬ್ಲ್ಯುಸಿ2 ಮತ್ತು ಜಿ-ಈಥರ್ ಎಂಬ ಚಾಲಕ ತಂತ್ರಾಂಶಗಳ ಸಾಲುಗಳನ್ನು ಸೇರಿಸಿದರೆ ಅದರ ಯುಎಸ್‌ಬಿ ಕಿಂಡಿಯೇ ನೆಟ್‌ವರ್ಕ್ ಕಾರ್ಡಿನಂತೆ ಕೆಲಸ ಮಾಡುತ್ತದೆ. ಕೇಬಲನ್ನು ವಿದ್ಯುತ್ತಿನ ಕಿಂಡಿಗಲ್ಲ, ಪಕ್ಕದ ಕಿಂಡಿಗೆ ಸಿಕ್ಕಿಸಬೇಕು. ಚಾರ್ಜಿಗೆ ಮಾತ್ರವಿರುವ ಕೇಬಲಿನಲ್ಲಿ ಡೇಟಾದ ತಂತಿಗಳೇ ಇರುವುದಿಲ್ಲವೆಂದು ಅರಿಯುವಷ್ಟರಲ್ಲಿ ನನ್ನ ಒಂದು ಸಂಜೆ ಕಳೆದಿತ್ತು.

ಬಳಿಕ ಲ್ಯಾಪ್‌ಟಾಪಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ, ಹೊಸದಾಗಿ ಕಾಣಿಸಿಕೊಂಡ ಸಂಪರ್ಕದ ಐಪಿವಿ4 ಪುಟಕ್ಕೆ ಹೋಗಿ, ಇತರ ಕಂಪ್ಯೂಟರುಗಳೊಂದಿಗೆ ಹಂಚುವ ಆಯ್ಕೆಯನ್ನು ಒತ್ತಿದೆ. ಆಗ ಲ್ಯಾಪ್‌ಟಾಪ್ 10.42.0.1 ಎಂಬ ಐಪಿ ವಿಳಾಸವನ್ನು (ನೆಟ್‌ವರ್ಕಿನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ತಾನಿಟ್ಟುಕೊಂಡು, ಪೈಗೆ ಅದೇ ಸಾಲಿನ ಇನ್ನೊಂದನ್ನು ಕೊಟ್ಟು, ಅದರ ಬೇಡಿಕೆಗಳನ್ನು ತನ್ನದೇ ಹೆಸರಿನಲ್ಲಿ ವೈಫೈಯ ಮೂಲಕ ಹೊರಗೆ ಕಳುಹಿಸುತ್ತದೆ. ಸಮಯ ಕೂಡಲೇ ಸರಿಯಾಯಿತು.

ಮರುದಿನ ಪೈ ಮತ್ತೆ ಚಾಲೂ ಆದಾಗ ಸಂಪರ್ಕವಿರಲಿಲ್ಲ. ನಾಲ್ಕು ದಿನ ಕೇಬಲನ್ನೂ ಫೈರ್‌ವಾಲನ್ನೂ ಸಂಶಯಿಸಿದೆ. ಕೊನೆಗೆ ಸಂಪರ್ಕದ ಹೆಸರನ್ನು ಕಾಗದದಲ್ಲಿ ಬರೆದು ಹೋಲಿಸಿದಾಗ, ಇಎನ್‌ಎಕ್ಸ್ ಎಂಬುದರ ಮುಂದಿನ ಹನ್ನೆರಡು ಅಕ್ಷರಗಳು ಪ್ರತಿ ಬಾರಿಯೂ ಬೇರೆಯಾಗಿದ್ದವು. ಆ ಅಕ್ಷರಗಳು ಮ್ಯಾಕ್ ವಿಳಾಸದವು, ಅಂದರೆ ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆಯವು. ಜಿ-ಈಥರ್ ಅದನ್ನು ಪ್ರತಿ ಸಲ ಹೊಸದಾಗಿ ಹುಟ್ಟಿಸುತ್ತದೆ. ಲ್ಯಾಪ್‌ಟಾಪಿಗೆ ಅದು ಅಪರಿಚಿತ ಸಾಧನವಾದ್ದರಿಂದ, ಹಂಚುವ ಬದಲು ತಾನೇ ಪೈಯಿಂದ ಐಪಿ ವಿಳಾಸ ಬೇಡಿ ಕಾಯುತ್ತಿತ್ತು. ಎರಡೂ ತುದಿಗಳಿಗೆ 02ರಿಂದ ಶುರುವಾಗುವ ಬೇರೆ ಬೇರೆ ಸ್ಥಿರ ಮ್ಯಾಕ್ ವಿಳಾಸಗಳನ್ನು ಪೈಯ ಕಡತದಲ್ಲಿ, ಇಡೀ ಆಜ್ಞೆ ಒಂದೇ ಸಾಲಿನಲ್ಲಿ ಉಳಿಯುವಂತೆ ಬರೆದು, ಹಂಚಿಕೆಯನ್ನು ಮತ್ತೊಮ್ಮೆ ಹೊಂದಿಸಿದೆ. ಈಗ ಕರೆಂಟು ಬಂದು ವೈಫೈ ಸಿಕ್ಕಿದೊಡನೆ ಪೈಯ ಸಮಯವೂ ಗೋಡೆಯ ಗಡಿಯಾರವೂ ಒಂದೇ ಆಗಿರುತ್ತವೆ.