ಕುದುರೆಮುಖ: ಮೋಡ ಏಳುವ ಮೊದಲು ತುದಿಯಲ್ಲಿರಬೇಕು

ಶಿವಮೊಗ್ಗ ಕಡೆಯವರಾದ ನಮಗೆ ಕುದುರೆಮುಖ ಅಂದರೆ ಮಲೆನಾಡಿನ ಬೆಟ್ಟ. ಆದರೆ ಅಲ್ಲಿ ಕಡಲಿನ ಕಾರುಬಾರೇ ಜಾಸ್ತಿ. ಪಡುವಣಕ್ಕೆ ಬೆಟ್ಟ ಕಡಿದಾಗಿ ಕರಾವಳಿಗೆ ಇಳಿಯುತ್ತದೆ. ಅರಬ್ಬಿ ಸಮುದ್ರದ ತೇವದ ಗಾಳಿ ಅಲ್ಲಿ ಬಡಿದು ಮೇಲೇರುತ್ತದೆ, ತಣ್ಣಗಾಗಿ ಮೋಡವಾಗುತ್ತದೆ. ಹಿಂದೆ ಹಡಗಿನವರಿಗೆ ಈ ತುದಿಯೇ ಗುರುತಾಗಿತ್ತು ಅನ್ನುತ್ತಾರೆ.

ಈ ಮೋಡದ ಕಾಟಕ್ಕೇ ನಾನು ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ಕೊನೆ ಇಲ್ಲವೇ ನವೆಂಬರಿನಲ್ಲಿ ಹೋಗುತ್ತೇನೆ. ಮಳೆಯಲ್ಲಿ ಹೋದವರು ಹಸಿರು ಹಸಿರು ಅಂತ ಹೊಗಳುತ್ತಾರೆ, ಸರಿ. ಆದರೆ ಮಂಜಿನಲ್ಲಿ ಮುಂದಿನವನ ಬೆನ್ನು ಬಿಟ್ಟು ಬೇರೇನೂ ಕಾಣಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣವನ್ನೇ ನಿಲ್ಲಿಸುವುದುಂಟು. ಅರಣ್ಯ ಇಲಾಖೆಯ ಅನುಮತಿ ಮೊದಲೇ ಆನ್‌ಲೈನಿನಲ್ಲಿ ಮಾಡಿಸಿಕೊಳ್ಳಬೇಕು. ಶನಿವಾರ, ಭಾನುವಾರ ಬಿಟ್ಟರೆ ನಿಮಗೂ ಸುಖ, ಬೆಟ್ಟಕ್ಕೂ ಸುಖ.

ತೀರ್ಥಹಳ್ಳಿ, ಕೊಪ್ಪ ದಾಟಿ ಕಳಸ. ಅಲ್ಲಿಂದ ಸಂಸೆ ಕಡೆ. ರಾತ್ರಿ ಹೋಂಸ್ಟೇಯಲ್ಲಿ ಉಳಿದು, ಬೆಳಿಗ್ಗೆ ಚಾರಣ ಶುರುವಾಗುವ ಮುಳ್ಳೋಡಿವರೆಗೆ ಜೀಪು. ಆ ದಾರಿಯಲ್ಲಿ ನಮ್ಮ ಕಾರು ಸುಮ್ನೆ ಹೊಟ್ಟೆ ಉಜ್ಜಿಕೊಳ್ಳುತ್ತದೆ, ಆಸೆ ಬೇಡ. ಬುತ್ತಿಗೆ ಅಕ್ಕಿರೊಟ್ಟಿ, ಒಣಚಟ್ನಿ. ಕಾಯಿಚಟ್ನಿ ಮಧ್ಯಾಹ್ನಕ್ಕೆ ಹಳಸುತ್ತದೆ.

ಉಂಬಳದ, ಅಂದರೆ ರಕ್ತ ಹೀರುವ ಕಾಡಿನ ಜಿಗಣೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳ್ಳ ದಾಟುವ ಜಾಗ, ಕಾಡಿನೊಳಗಿನ ತರಗೆಲೆ, ಇವು ಅದರ ಠಾವು. ಎಲೆಯ ತುದಿಯಲ್ಲಿ ನೆಟ್ಟಗೆ ನಿಂತು, ಮೂತಿ ಆಡಿಸುತ್ತಾ ನಮ್ಮನ್ನೇ ಹುಡುಕುತ್ತಿರುತ್ತದೆ. ಮೊಣಕಾಲವರೆಗಿನ ಉಂಬಳದ ಸಾಕ್ಸ್ ಹಾಕಿ, ಮೇಲೆ ಸುಣ್ಣ, ಹೊಗೆಸೊಪ್ಪಿನ ಪುಡಿ ಬಳಿದುಕೊಂಡರೆ ಮುಕ್ಕಾಲು ಕೆಲಸ ಆಯಿತು. ಕಚ್ಚಿದರೆ ಹಿಡಿದು ಎಳೆಯಬಾರದು. ತೆಳ್ಳಗಿನ ತುದಿಯೇ ಬಾಯಿ. ಅದರ ಬುಡಕ್ಕೆ ಉಗುರು ಕೊಟ್ಟು ಪಕ್ಕಕ್ಕೆ ಜಾರಿಸಬೇಕು. ರಕ್ತ ಹೆಪ್ಪುಗಟ್ಟದ ಹಾಗೆ ಅದು ಒಂದು ರಸ ಬಿಟ್ಟಿರುತ್ತದೆ, ಅದಕ್ಕೇ ಬಹಳ ಹೊತ್ತು ಸೋರುತ್ತದೆ. ಒರೆಸಿ, ಒತ್ತಿ ಕಟ್ಟಿದರೆ ಸಾಕು. ಮಾರನೇ ದಿನದ ತುರಿಕೆ ಮಾತ್ರ ತಪ್ಪಲ್ಲ.

ಒಂಟಿಮರ ದಾಟಿದ ಮೇಲೆ ಬೆಟ್ಟ ಬಿಚ್ಚಿಕೊಳ್ಳುತ್ತದೆ. ದಿಣ್ಣೆಯ ಮೇಲೆಲ್ಲ ಬರೀ ಹುಲ್ಲು, ಎರಡು ದಿಣ್ಣೆ ಸೇರುವ ಮಡಿಕೆಯಲ್ಲಿ ಮಾತ್ರ ಒತ್ತಾದ ಶೋಲಾ ಕಾಡು. ಮಡಿಕೆಯಲ್ಲಿ ಮಣ್ಣು ಆಳ, ನೀರು ನಿಲ್ಲುತ್ತದೆ, ಗಾಳಿಯ ಹೊಡೆತವೂ ಕಡಿಮೆ. ಹುಲ್ಲಿನ ಬುಡ ಕೈಯಲ್ಲಿ ಸರಿಸಿ ನೋಡಿ, ನಾಲ್ಕು ಬೆರಳು ಕೆಳಗೆ ನೆಲ ಒದ್ದೆಯಾಗಿರುತ್ತದೆ. ಕುಡಿದ ಮಳೆಯನ್ನು ಇದು ನಿಧಾನಕ್ಕೆ ಬಿಡುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲವೂ ಇದೇ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಸೀಮೆ. ಶಿವಮೊಗ್ಗದಲ್ಲಿ ನಲ್ಲಿ ತಿರುಗಿಸಿದರೆ ಬರುವ ತುಂಗೆ ಇಲ್ಲಿಯದೇ ಅಲ್ವಾ? 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೇಲೂ ಇದರ ಮಗ್ಗುಲಲ್ಲಿ ಕಬ್ಬಿಣದ ಅದಿರು ಅಗೆಯುತ್ತಿದ್ದರು. 2002ರ ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಅದು ನಿಂತಿತು. ಗಣಿಯ ವಿರುದ್ಧ ಚಳವಳಿ ಮಾಡಿದವರಿಗೆ ಒಂದು ಕೈಮುಗಿಯಲೇಬೇಕು.

ತುದಿ ಸುಮಾರು 1,890 ಮೀಟರ್. ಹಾಳುಬಿದ್ದ ಹಳೆ ಚರ್ಚಿನ ಕಲ್ಲುಗೋಡೆ ಕಂಡರೆ ಹತ್ತಿರ ಬಂದಿರಿ ಅಂತ ಲೆಕ್ಕ. ಆಕಾಶ ತೊಳೆದಿದ್ದರೆ ಪಡುವಣಕ್ಕೆ ಕಡಲಿನ ಹೊಳಪು ಸಿಗುತ್ತದೆ. ಬಿಸಿಲೇರಿದ ಹಾಗೆ ಕಣಿವೆಯಿಂದ ಮೋಡ ಹತ್ತತೊಡಗುತ್ತದೆ, ಐದೇ ನಿಮಿಷದಲ್ಲಿ ಎಲ್ಲ ಬಿಳಿ. ಹಾಗಾಗಿ ಹನ್ನೆರಡಕ್ಕೂ ತುದಿ ಸಿಗದಿದ್ದರೆ ನಾನು ಅಲ್ಲಿಂದಲೇ ತಿರುಗುತ್ತೇನೆ. ಇಳಿಯುವಾಗ ಜಾರುವುದೇ ಜಾಸ್ತಿ. ಕೋಲು ಆಗ ಬೇಕು, ಹತ್ತುವಾಗಲ್ಲ. ಗೈಡ್ ಕಾಡಿನ ಅಂಚಿನಲ್ಲಿ ನಿಲ್ಲಿ ಅಂದರೆ ಮಾತು ನಿಲ್ಲಿಸಿ ನಿಲ್ಲಿ. ಕಾಟಿ (ಕಾಡುಕೋಣ) ಇರಬಹುದು, ಅದೃಷ್ಟವಿದ್ದರೆ ಸಿಂಗಳೀಕ.

ಮುಳ್ಳೋಡಿಗೆ ಇಳಿದ ಮೇಲೆ ಬ್ಯಾಗಿನ ಪಟ್ಟಿ, ಕಾಲರ್, ಶೂ ಒಳಗೆ ಒಮ್ಮೆ ನೋಡಿಕೊಳ್ಳಿ. ಸಾಕ್ಸ್ ಮಾತ್ರ ಜೀಪಿನೊಳಗೆ ಬಿಚ್ಚಬೇಡಿ, ಡ್ರೈವರ್ ಬೈಯುತ್ತಾನೆ.