ಕಾಯಿಲೆ ಬೀಳದವರನ್ನು ಕೇಳಿದಿರಾ?

ಎಪಿಡೆಮಿಯಾಲಜಿ, ಅಂದರೆ ಕಾಯಿಲೆ ಯಾರಿಗೆ ಬರುತ್ತದೆ, ಯಾಕೆ ಬರುತ್ತದೆ ಅಂತ ಲೆಕ್ಕ ಹಾಕಿ ಹುಡುಕುವ ಪಾಠ ಶುರುವಾಗುವ ದಿನ ನಾನು ಪ್ರೊಜೆಕ್ಟರ್ ಹಾಕುವುದಿಲ್ಲ. ಬೋರ್ಡಿನ ಮೇಲೆ ಒಂದು ಅಡ್ಡಗೆರೆ ಎಳೆಯುತ್ತೇನೆ. ಗೆರೆಯ ಮೇಲೆ ಅಂಶ, ಕೆಳಗೆ ಛೇದ ಅಂತ ಬರೆಯುತ್ತೇನೆ. ಕನ್ನಡ ಮೀಡಿಯಂನಿಂದ ಬಂದ ಹುಡುಗರ ಮುಖ ಅರಳುತ್ತದೆ. ಮಿಕ್ಕವರು ಪಕ್ಕದವರನ್ನು ಕೇಳಿಕೊಳ್ಳುತ್ತಾರೆ. ಆಮೇಲೆ ಒಂದು ಸೀಮಂತದ ಕಥೆ ಹೇಳುತ್ತೇನೆ. ಅದು ನನ್ನ ಮರ್ಯಾದೆ ಹೋದ ಕಥೆಯೂ ಹೌದು.

ಆಗ ನಾನು ಇಂಟರ್ನ್. ತುಮಕೂರಿನ ಕಡೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪೋಸ್ಟಿಂಗ್. ಈ ಪಾಠ ಬರುವ ಕಮ್ಯುನಿಟಿ ಮೆಡಿಸಿನ್ ಎಂದರೆ ಪರೀಕ್ಷೆಯ ಹಿಂದಿನ ವಾರ ಉರು ಹೊಡೆಯುವ ವಿಷಯ ಅಂತಲೇ ನಂಬಿದ್ದೆ. ಏಪ್ರಿಲ್ ತಿಂಗಳ ಒಂದು ಸಂಜೆ ಗೂಡ್ಸ್ ಆಟೋದಲ್ಲಿ ಏಳೆಂಟು ಜನರನ್ನು ತಂದು ಇಳಿಸಿದರು. ಎಲ್ಲರಿಗೂ ವಾಂತಿ, ಹೊಟ್ಟೆ ನುಲಿತ. ಕೆಲವರಿಗೆ ಭೇದಿ. ಅವರ ಹಿಂದೆಯೇ ಇನ್ನೊಂದು ಆಟೋ, ಎರಡು ಬೈಕು. ಮಧ್ಯಾಹ್ನ ಒಂದು ಗಂಟೆಗೆ ಸೀಮಂತದ ಊಟ, ನಾಲ್ಕು ಗಂಟೆಗೆಲ್ಲ ವಾಂತಿ. ಓಆರ್‌ಎಸ್ ಕಲಸಿ ಕಲಸಿ ಕೈ ಸೋತಿತು. ರಾತ್ರಿ ಹತ್ತರ ಹೊತ್ತಿಗೆ ಹೆಚ್ಚಿನವರು ಎದ್ದು ಕೂತು, ಮನೆಗೆ ಹೋಗುತ್ತೇವೆ ಅಂತ ಗಲಾಟೆ ಶುರು ಮಾಡಿದರು.

ಏನು ತಿಂದಿರಿ ಅಂತ ಒಬ್ಬೊಬ್ಬರನ್ನೂ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹೆಚ್ಚುಕಡಿಮೆ ಎಲ್ಲರ ಬಾಯಲ್ಲೂ ಜಾಮೂನು. ಮನೆಯಲ್ಲಿ ಮಾಡಿದ್ದಲ್ಲ, ಪೇಟೆಯ ಬೇಕರಿಯಿಂದ ತರಿಸಿದ್ದು. ಹೊರಗಿನದು ಅಂದ ಮೇಲೆ ಇನ್ನೇನು ಬೇಕು? ಊರವರು ಆಗಲೇ ತೀರ್ಪು ಕೊಟ್ಟಾಗಿತ್ತು. ನಾನೂ ವರದಿಯಲ್ಲಿ ಅದನ್ನೇ ಬರೆದೆ: ಕಾಯಿಲೆ ಬಿದ್ದ ನಾಲ್ವರಲ್ಲಿ ಮೂವರು ಜಾಮೂನು ತಿಂದಿದ್ದಾರೆ, ಆದ್ದರಿಂದ ಜಾಮೂನೇ ಕಾರಣ.

ಮಾರನೇ ದಿನ ಕಾಲೇಜಿನಿಂದ ನಮ್ಮ ಮೇಡಂ ಬಂದರು. ಹಾಳೆಯನ್ನು ಎರಡು ಸಲ ಓದಿ ಕೇಳಿದರು.

"ಕಾಯಿಲೆ ಬೀಳದವರು ಏನು ತಿಂದಿದ್ದರು?"

"ಅವರನ್ನು ಕೇಳಲಿಲ್ಲ ಮೇಡಂ. ಅವರು ಆಸ್ಪತ್ರೆಗೇ ಬರಲಿಲ್ಲ."

"ಬರೋದಿಲ್ಲಪ್ಪಾ. ಚೆನ್ನಾಗಿರೋರು ಆಸ್ಪತ್ರೆಗೆ ಯಾಕೆ ಬರ್ತಾರೆ?"

ಪಕ್ಕದಲ್ಲಿದ್ದ ಫಾರ್ಮಸಿಸ್ಟ್ ನಕ್ಕದ್ದು ಈಗಲೂ ಕಿವಿಯಲ್ಲಿದೆ. ಆವತ್ತೇ ಆಶಾ ಕಾರ್ಯಕರ್ತೆಯ ಜೊತೆ ಊರಿಗೆ ಹೊರಟೆ. ಆಕೆಯ ಬಳಿ ಮನೆಮನೆಯ ಲೆಕ್ಕವಿತ್ತು. ಊಟಕ್ಕೆ ಯಾರು ಬಂದಿದ್ದರು, ಯಾರು ಮುನಿಸಿಕೊಂಡು ಬರಲಿಲ್ಲ ಅನ್ನುವುದೂ ಗೊತ್ತಿತ್ತು. ಊಟ ಮಾಡಿದವರ ಪಟ್ಟಿ ಮಾಡಿ, ಕಾಯಿಲೆ ಬಿದ್ದವರಿಗೂ ಬೀಳದವರಿಗೂ ಒಂದೇ ಪ್ರಶ್ನೆಗಳನ್ನು ಕೇಳುತ್ತಾ ಹೋದೆವು. ಅನ್ನ, ಸಾರು, ಕೋಸಂಬರಿ, ಜಾಮೂನು, ಚಿತ್ರಾನ್ನ, ಮೊಸರನ್ನ, ನೀರು. ಪ್ರತಿಯೊಂದಕ್ಕೂ ತಿಂದಿರಾ, ಇಲ್ಲವಾ.

ಮೊದಲ ಪೇಚು ಬಂದದ್ದು ಕಾಯಿಲೆ ಬಿದ್ದವರು ಅಂದರೆ ಯಾರು ಅನ್ನುವುದರಲ್ಲೇ. ಒಬ್ಬ ಪುಣ್ಯಾತ್ಮ ಹಿಂದಿನ ರಾತ್ರಿ ಜಾಸ್ತಿ ಕುಡಿದು, ಎಲೆ ಹಾಕುವ ಮೊದಲೇ ವಾಂತಿ ಮಾಡಿಕೊಂಡಿದ್ದ. ಇನ್ನೊಬ್ಬರಿಗೆ ಬರೀ ಹೊಟ್ಟೆ ಭಾರ. ಕೊನೆಗೆ ಒಂದು ಗೆರೆ ಎಳೆದುಕೊಂಡೆವು: ಆ ಮನೆಯ ಅಡುಗೆ ತಿಂದು, 24 ಗಂಟೆಯೊಳಗೆ ವಾಂತಿ ಅಥವಾ ಮೂರು ಸಲಕ್ಕಿಂತ ಹೆಚ್ಚು ಭೇದಿ ಆದವರು ಮಾತ್ರ ಕೇಸು. ಪುಸ್ತಕದಲ್ಲಿ ಕೇಸ್ ಡೆಫಿನಿಷನ್ ಅಂತ ಎರಡು ಸಾಲಿನಲ್ಲಿ ಮುಗಿಸುವ ವಿಷಯ ಇದು. ಅದನ್ನು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ, ಲೆಕ್ಕ ನಮಗೆ ಬೇಕಾದ ಕಡೆ ವಾಲುವ ಹಾಗೆ ಯಾರನ್ನೋ ಸೇರಿಸುತ್ತೇವೆ, ಯಾರನ್ನೋ ಬಿಡುತ್ತೇವೆ. ಬೇಕೂಂತಲೇ ಮಾಡಬೇಕೆಂದೇನಿಲ್ಲ, ಕೈ ತಾನಾಗಿಯೇ ಹಾಗೆ ಹೋಗುತ್ತದೆ.

ಈಗ ಲೆಕ್ಕ. ಕ್ಲಾಸಿಗೆ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿಕೊಂಡಿದ್ದೇನೆ. ಊಟ ಮಾಡಿದವರು 80, ಕಾಯಿಲೆ ಬಿದ್ದವರು 40. ಜಾಮೂನು ತಿಂದವರು 60, ಅವರಲ್ಲಿ ಕಾಯಿಲೆ 30 ಜನಕ್ಕೆ. ತಿನ್ನದವರು 20, ಅವರಲ್ಲಿ ಕಾಯಿಲೆ 10 ಜನಕ್ಕೆ. ಎರಡೂ ಕಡೆ ನೂರಕ್ಕೆ 50. ತಿಂದರೂ ಅಷ್ಟೇ, ಬಿಟ್ಟರೂ ಅಷ್ಟೇ. ನನ್ನ "ನಾಲ್ವರಲ್ಲಿ ಮೂವರು" ಸುಳ್ಳೇನಲ್ಲ. ಆದರೆ ಇಡೀ ಪಂಕ್ತಿಯಲ್ಲೇ ನಾಲ್ವರಲ್ಲಿ ಮೂವರು ಜಾಮೂನು ತಿಂದಿದ್ದರು. ಆ ಲೆಕ್ಕದಲ್ಲಿ ಅನ್ನವನ್ನೂ ಅಪರಾಧಿ ಮಾಡಬಹುದಿತ್ತು, ಅಲ್ವಾ?

ಮೊಸರನ್ನದ ಕಥೆ ಬೇರೆ. ತಿಂದವರು 50, ಕಾಯಿಲೆ 38 ಜನಕ್ಕೆ, ಅಂದರೆ ನೂರಕ್ಕೆ 76. ತಿನ್ನದವರು 30, ಕಾಯಿಲೆ ಇಬ್ಬರಿಗೆ, ನೂರಕ್ಕೆ 7ರ ಹತ್ತಿರ. ಇದೇ ಅಟ್ಯಾಕ್ ರೇಟ್. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 11ಕ್ಕಿಂತ ಸ್ವಲ್ಪ ಜಾಸ್ತಿ. ಅದು ರಿಲೇಟಿವ್ ರಿಸ್ಕ್, ಅಂದರೆ ತಿನ್ನದವರಿಗಿಂತ ತಿಂದವರಿಗೆ ಎಷ್ಟು ಪಟ್ಟು ಅಪಾಯ ಅನ್ನುವುದು. ಸೂತ್ರ ಉರು ಹೊಡೆದ ಹುಡುಗರಿಗೆ ಇದು ಗೊತ್ತೇ ಇರುತ್ತದೆ. ಆದರೆ ಆ 30 ಜನರನ್ನು ಹುಡುಕಿಕೊಂಡು ಬಿಸಿಲಿನಲ್ಲಿ ಹೋಗಬೇಕು ಅನ್ನುವುದು ಸೂತ್ರದಲ್ಲಿ ಬರೆದಿರುವುದಿಲ್ಲ.

ಮೊಸರನ್ನವನ್ನು ಬೆಳಗ್ಗೆ ಆರಕ್ಕೇ ಹಾಲು ಹಾಕಿ, ಕೈಯಲ್ಲಿ ಕಿವುಚಿ ಕಲಸಿ, ಏಪ್ರಿಲ್ ಸೆಕೆಯಲ್ಲಿ ಮುಚ್ಚಿಟ್ಟಿದ್ದರು. ಕಲಸಿದಾಕೆಯ ಬೆರಳಿಗೆ ಬಟ್ಟೆ ಸುತ್ತಿತ್ತು. ಊಟವಾಗಿ ಒಂದರಿಂದ ಆರು ಗಂಟೆಯೊಳಗೆ ಜೋರು ವಾಂತಿ ಅಂದರೆ ಮೊದಲು ನೆನಪಾಗಬೇಕಾದದ್ದು ಸ್ಟಾಫೈಲೊಕಾಕಸ್ ಎಂಬ, ಗಾಯದಲ್ಲೂ ಇರುವ ಬ್ಯಾಕ್ಟೀರಿಯಾ. ಅದು ಆಹಾರದಲ್ಲೇ ವಿಷ ಬಿಟ್ಟಿರುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಸುಲಭವಾಗಿ ಹೋಗುವುದಿಲ್ಲ. ಸಾಲ್ಮೊನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಆಗಿದ್ದರೆ ಸಾಮಾನ್ಯವಾಗಿ ಅಷ್ಟು ಬೇಗ ಬರುವುದಿಲ್ಲ, ಜ್ವರವೂ ಇರುತ್ತಿತ್ತು. ಆದರೂ ಸ್ಟಾಫೈಲೊಕಾಕಸ್ಸೇ ಅಂತ ಬರೆಯಲು ಆಗಲಿಲ್ಲ. ನಾವು ಹೋಗುವಷ್ಟರಲ್ಲಿ ಕೊಪ್ಪರಿಗೆ ಬೆಳಗಿ ಬೋರಲು ಹಾಕಿದ್ದರು, ಲ್ಯಾಬಿಗೆ ಕಳಿಸಲು ಏನೂ ಉಳಿದಿರಲಿಲ್ಲ. ಅನ್ನಕ್ಕೆ ಬರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಕೂಡ ಇದೇ ವೇಳೆಯಲ್ಲಿ ಇದೇ ಥರ ವಾಂತಿ ಮಾಡಿಸುತ್ತದೆ. ಬಹುಶಃ ಅಂತ ಬರೆದು ಸಹಿ ಹಾಕಿದೆ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದದ್ದು ಒಬ್ಬ ಅಜ್ಜಿ. ಮಂಡಿನೋವು, ಸೀಮಂತಕ್ಕೆ ಹೋಗಿಯೇ ಇರಲಿಲ್ಲ. ಆದರೂ ಸಂಜೆ ವಾಂತಿ. ಕೇಳಿದರೆ ಮೊಮ್ಮಗ ಡಬ್ಬಿಯಲ್ಲಿ ಮೊಸರನ್ನ ತಂದು ಕೊಟ್ಟಿದ್ದ. ಬೇರೇನೂ ತಿಂದಿಲ್ಲ.

ಕಾಲರಾ ನೀರಿನಿಂದ ಹರಡುತ್ತದೆ ಅಂತ ತೋರಿಸಿದ ಇಂಗ್ಲಿಷ್ ವೈದ್ಯ ಜಾನ್ ಸ್ನೋನ ಪಾಠ ನನಗೆ ಅರ್ಥವಾದದ್ದು ಆ ಅಜ್ಜಿಯ ಜಗಲಿಯ ಮೇಲೆ. 1854ರಲ್ಲಿ ಲಂಡನ್ನಿನ ಸೋಹೊದಲ್ಲಿ ಕಾಲರಾ. ಬ್ರಾಡ್ ಸ್ಟ್ರೀಟಿನ ಪಂಪಿನ ಹಿಡಿ ತೆಗೆಸಿದ, ಕಾಲರಾ ನಿಂತಿತು ಅಂತ ಎಲ್ಲರೂ ಓದಿರುತ್ತಾರೆ. ನಿಜವಾಗಿ ಸೆಪ್ಟೆಂಬರ್ 8ರಂದು ಹಿಡಿ ತೆಗೆಯುವ ಹೊತ್ತಿಗೆ ಸಾವುಗಳು ಆಗಲೇ ಇಳಿಮುಖವಾಗಿದ್ದವು. ಸ್ನೋನ ಜಾಣತನ ಇರುವುದು ಬೇರೆ ಕಡೆ. ಪಂಪಿನ ಹತ್ತಿರದಲ್ಲೇ ಇದ್ದ ಬಡವರ ಆಶ್ರಯದಲ್ಲಿ 535 ಜನರಿದ್ದರು, ಕಾಲರಾದಿಂದ ಸತ್ತವರು ಐವರು ಮಾತ್ರ. ಅವರಿಗೆ ಸ್ವಂತ ಬಾವಿಯಿತ್ತು. ಅದೇ ಬೀದಿಯ ಬ್ರೂವರಿಯ ಕೆಲಸಗಾರರಲ್ಲಿ ಒಬ್ಬರೂ ಸಾಯಲಿಲ್ಲ. ಅವರು ಬಿಯರ್ ಕುಡಿಯುತ್ತಿದ್ದರು. ಅತ್ತ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ಹೆಂಗಸು ಸತ್ತಳು. ಆ ಪಂಪಿನ ನೀರಿನ ರುಚಿಯೇ ಬೇಕೆಂದು ಆಕೆ ದಿನಾ ತರಿಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿದ್ದೂ ಉಳಿದವರು, ದೂರವಿದ್ದೂ ಸತ್ತವಳು. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ ಕಲ್ಕತ್ತಾದಲ್ಲಿ ಕಾಲರಾ ರೋಗಾಣುವನ್ನು ಬೇರ್ಪಡಿಸಿ ತೋರಿಸಿದ್ದು 1884ರಲ್ಲಿ. ಅಂದರೆ ಸ್ನೋ ರೋಗಾಣುವಿನ ಹೆಸರೇ ಇಲ್ಲದೆ ಕೆಲಸ ಮುಗಿಸಿದ್ದ.

ಮಲೆನಾಡಿನ ಹುಡುಗರಿದ್ದರೆ ಮಂಗನ ಕಾಯಿಲೆಯ ಮಾತು ಬಂದೇ ಬರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಮೊದಲು ಹಳದಿ ಜ್ವರದ ಅನುಮಾನ ಬಂದಿತ್ತು. ಅಲ್ಲ ಅಂತ ಆಮೇಲೆ ಗೊತ್ತಾಯಿತು, ಉಣುಗಿನಿಂದ ಹರಡುವ ಹೊಸ ವೈರಸ್ ಸಿಕ್ಕಿತು. ಅಲ್ಲಿಯೂ ನಾನು ಕೇಳುವುದು ಅದೇ ಪ್ರಶ್ನೆ. ಸೌದೆ, ದರಗು ತರಲು ಕಾಡಿಗೆ ಹೋದವರಿಗೆ ಜ್ವರ, ಅವರ ಪಕ್ಕದಲ್ಲೇ ಕೂತು ಆರೈಕೆ ಮಾಡಿದವರಿಗೆ ಇಲ್ಲ. ಏನು ಅರ್ಥ? ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ ಅಂತ ಯಾರಾದರೊಬ್ಬರು ಹಿಂದಿನ ಬೆಂಚಿನಿಂದ ಹೇಳುತ್ತಾರೆ.

ಒಟ್ಟು ಎಷ್ಟು ಜನರಲ್ಲಿ ಅಂತ ಕೇಳುವ ಈ ಛೇದದ ಹುಚ್ಚು ಟೆಸ್ಟ್‌ಗಳ ಪಾಠದಲ್ಲಿ ಇನ್ನೊಮ್ಮೆ ಕೆಲಸಕ್ಕೆ ಬರುತ್ತದೆ. ರೋಗವಿರುವ ನೂರರಲ್ಲಿ 90 ಜನರನ್ನು ಹಿಡಿಯುವ, ರೋಗವಿಲ್ಲದ ನೂರರಲ್ಲಿ 95 ಜನರನ್ನು ಸರಿಯಾಗಿ ಬಿಡುವ ಟೆಸ್ಟ್ ಇದೆ ಅಂದುಕೊಳ್ಳಿ. ನೂರಕ್ಕೆ ಒಬ್ಬರಿಗೆ ರೋಗವಿರುವ ಊರಿನಲ್ಲಿ 10,000 ಜನಕ್ಕೆ ಮಾಡಿದರೆ 585 ಪಾಸಿಟಿವ್. ಅದರಲ್ಲಿ ನಿಜವಾದವರು 90. ಉಳಿದ 495 ಜನ ಸುಮ್ನೆ ಹೆದರಿದವರು. ಅದೇ ಟೆಸ್ಟನ್ನು ನೂರಕ್ಕೆ 20 ಜನರಿಗೆ ರೋಗವಿರುವ ಕ್ಲಿನಿಕ್ಕಿನಲ್ಲಿ ಅಷ್ಟೇ ಜನಕ್ಕೆ ಮಾಡಿದರೆ 2,200 ಪಾಸಿಟಿವ್‌ನಲ್ಲಿ 1,800 ನಿಜ. ಟೆಸ್ಟ್ ಬದಲಾಗಲಿಲ್ಲ, ಕೂತ ಜನ ಬದಲಾದರು. ಇದನ್ನು ನಾನು ಸೂತ್ರದಲ್ಲಿ ಹೇಳಿಕೊಡುವುದನ್ನು ಬಿಟ್ಟಿದ್ದೇನೆ. ಹತ್ತು ಸಾವಿರ ಜನರ ಊರು ಕಟ್ಟಿಕೊಂಡರೆ ತಪ್ಪಾಗುವುದಿಲ್ಲ.

ಈಗ ಎಂಬಿಬಿಎಸ್ ಹುಡುಗರು ಹಳ್ಳಿಯಲ್ಲಿ ಕುಟುಂಬಗಳನ್ನು ದತ್ತು ತೆಗೆದುಕೊಂಡು ಹೋಗಿಬರಬೇಕು. ಮೊದಮೊದಲು ಫೋಟೋ ತೆಗೆಸಿಕೊಳ್ಳುವ ಉತ್ಸಾಹವೇ ಜಾಸ್ತಿ. ಕಳೆದ ಸಲ ಒಬ್ಬಳು ಹಳ್ಳಿಯಲ್ಲಿ ಬಿಪಿ ಸರ್ವೆ ಮುಗಿಸಿ ಹಾಳೆ ತಂದಳು. ನೋಡಿದ 40 ಜನರಲ್ಲಿ ಬಿಪಿ ಇರುವವರು ಇಷ್ಟು ಅಂತ ಚೆನ್ನಾಗಿ ಬರೆದಿದ್ದಳು. ಹಾಳೆಯನ್ನು ನನ್ನ ಕೈಗೆ ಕೊಡದೆ ಹಿಡಿದುಕೊಂಡೇ ನಿಂತಳು.

"ಸರ್, ಹನ್ನೊಂದು ಮನೆಗೆ ಬೀಗ ಇತ್ತು. ಗಾರ್ಮೆಂಟ್ಸ್‌ಗೆ, ಕೂಲಿಗೆ ಹೋದೋರಂತೆ. ಮನೇಲಿ ಸಿಕ್ಕಿದ್ದು ಬರೀ ವಯಸ್ಸಾದವರು. ಬೀಗ ಹಾಕಿರೋ ಮನೆಗಳನ್ನ ಕೆಳಗೆ ಸೇರಿಸಬೇಕಾ?"

ಅವರು ಎಷ್ಟು ಹೊತ್ತಿಗೆ ವಾಪಸ್ ಬರ್ತಾರೆ ಅಂತ ಕೇಳಿದೆ. ಏಳು ಗಂಟೆಗೆ ಅಂದಳು. ಕಾಲೇಜಿನ ವ್ಯಾನ್ ಐದಕ್ಕೇ ಹೊರಡುತ್ತದೆ. ಡ್ರೈವರ್ ಹತ್ತಿರ ನಾನೇ ಮಾತಾಡುತ್ತೇನೆ ಅಂದೆ.