ಮೊದಲು ತೀಡಿ, ಆಮೇಲೆ ಕೀಳಿ

ನನ್ನ ಎಡ ಹುಬ್ಬು ಬಲ ಹುಬ್ಬಿಗಿಂತ ಚೂರು ಮೇಲಿದೆ. ಹೆಚ್ಚೆಂದರೆ 2 ಮಿಲಿಮೀಟರ್. ಬೇರೆಯವರ ಕಣ್ಣಿಗೆ ಬೀಳುವಷ್ಟೇನಲ್ಲ. ಆದರೆ ಕನ್ನಡಿ ಮುಂದೆ ನಿಂತರೆ ನನಗೆ ಕಾಣುತ್ತಿದ್ದುದು ಅದೊಂದೇ. ಸಮ ಮಾಡಬೇಕೆಂದು ಪ್ಲಕ್ಕರ್ ಹಿಡಿಯುತ್ತಿದ್ದೆ. ಎಡಗಡೆ ಮೇಲಂಚಿನಿಂದ ನಾಲ್ಕು ಕೂದಲು ಕೀಳುವುದು, ಅದು ಸಣ್ಣಗಾಯಿತು ಅನ್ನಿಸಿ ಬಲಗಡೆ ನಾಲ್ಕು ಕೀಳುವುದು, ಮತ್ತೆ ಎಡಕ್ಕೆ ಬರುವುದು. ಹೀಗೆ ಮೂರ್ನಾಲ್ಕು ವರ್ಷ ನಡೆಯಿತು. ಕೊನೆಗೆ ಎರಡೂ ಹುಬ್ಬು ದಾರದಷ್ಟು ತೆಳ್ಳಗಾದವು. ಬಲ ಹುಬ್ಬಿನ ಬಾಲ, ಅಂದರೆ ಹೊರತುದಿ, ಪೂರ್ತಿ ಮಾಯವಾಯಿತು. ಎಡ ಹುಬ್ಬು ಆಗಲೂ ಮೇಲೆಯೇ ಇತ್ತು.

ಕಾರಣ ಗೊತ್ತಾಗಿದ್ದು ಒಂದು ದಿನ ತಲೆನೋವಿನಿಂದ ಹಣೆ ಒತ್ತಿ ಹಿಡಿದುಕೊಂಡು ಕನ್ನಡಿ ಮುಂದೆ ಹಾದುಹೋಗುವಾಗ. ಅಂಗೈಯ ಒತ್ತಡಕ್ಕೆ ಎಡ ಹುಬ್ಬು ಕೆಳಗಿಳಿದು, ಎರಡೂ ಹೆಚ್ಚುಕಡಿಮೆ ಒಂದೇ ಸಾಲಿಗೆ ಬಂದಿದ್ದವು. ಅಂದರೆ ವ್ಯತ್ಯಾಸ ಇದ್ದದ್ದು ಕೂದಲಿನಲ್ಲಲ್ಲ. ಹುಬ್ಬನ್ನು ಮೇಲೆತ್ತುವುದು ಹಣೆಯ ಸ್ನಾಯು. ಏನನ್ನಾದರೂ ಗಮನವಿಟ್ಟು ನೋಡುವಾಗ ಎಡಗಡೆ ಮಾತ್ರ ಎತ್ತುವ ಅಭ್ಯಾಸ ನನಗಿದೆ. ಕನ್ನಡಿಯಲ್ಲಿ ಹುಬ್ಬನ್ನೇ ದಿಟ್ಟಿಸುವಾಗ ಅದು ಇನ್ನೂ ಜಾಸ್ತಿ. ಸ್ನಾಯು ಎತ್ತಿದ್ದನ್ನು ಕೂದಲು ಕಿತ್ತು ಇಳಿಸಲು ಆಗುವುದಿಲ್ಲ, ಅಲ್ವಾ?

ಅವತ್ತಿನಿಂದ ಹುಬ್ಬಿಗೆ ಕೈ ಹಾಕುವ ಮುಂಚೆ ಕಣ್ಣು ಮುಚ್ಚುತ್ತೇನೆ. ಹಣೆ ಸಡಿಲ ಬಿಟ್ಟು, ಎರಡು ಸಲ ಉಸಿರು ಹೊರಗೆ ಬಿಟ್ಟು, ಮೆಲ್ಲಗೆ ಕಣ್ಣು ತೆರೆಯುತ್ತೇನೆ. ಆ ಮೊದಲ ಕ್ಷಣದಲ್ಲಿ ಕಾಣುವ ಹುಬ್ಬನ್ನೇ ಲೆಕ್ಕಕ್ಕೆ ಹಿಡಿಯುತ್ತೇನೆ.

ಮುಂದಿನ ಕೆಲಸ ಪ್ಲಕ್ಕರನ್ನು ಒಳಗಿಟ್ಟು ನಾಲ್ಕು ತಿಂಗಳು ಮುಟ್ಟದೆ ಇದ್ದದ್ದು. ಇದು ಎಲ್ಲಕ್ಕಿಂತ ಕಷ್ಟ. ತಲೆಗೂದಲು ವರ್ಷಗಟ್ಟಲೆ ಬೆಳೆಯುತ್ತಲೇ ಇರುತ್ತದೆ. ಹುಬ್ಬಿನ ಕೂದಲು ಬೆಳೆಯುವುದು ಕೆಲವೇ ವಾರ. ಆಮೇಲೆ ನಿಂತು, ಕೆಲವು ತಿಂಗಳಲ್ಲಿ ಉದುರಿ, ಅದೇ ಜಾಗದಲ್ಲಿ ಹೊಸದು ಬರುತ್ತದೆ. ಹುಬ್ಬು ಯಾವಾಗಲೂ ಗಿಡ್ಡವಾಗಿಯೇ ಇರುವುದು ಅದಕ್ಕೇ. ಹೊಸ ಕೂದಲೆಲ್ಲ ಒಟ್ಟಿಗೆ ಬರುವುದೂ ಇಲ್ಲ. ಒಂದು ಇಲ್ಲಿ, ಒಂದು ಅಲ್ಲಿ, ಮೊದಲು ಬೇಡದ ಕಡೆಯಲ್ಲೇ ಬಂದ ಹಾಗೆ ಕಾಣುತ್ತದೆ. ಎರಡನೇ ತಿಂಗಳಲ್ಲಿ ಹುಬ್ಬಿನ ಕೆಳಗೆಲ್ಲ ಚುಕ್ಕಿ ಚುಕ್ಕಿಯಾಗಿ, ಕೈ ಸುಮ್ನೆ ಇರುತ್ತಲೇ ಇರಲಿಲ್ಲ. ಆಗ ಕಿತ್ತರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಆ ಚುಕ್ಕಿಗಳ ಮೇಲೆ ಸ್ವಲ್ಪ ಕನ್ಸೀಲರ್, ಅಂದರೆ ಕಲೆ ಮುಚ್ಚುವ ಚರ್ಮದ ಬಣ್ಣದ ಕ್ರೀಮ್, ಹಚ್ಚಿಕೊಂಡು ಓಡಾಡಿದೆ.

ನನ್ನ ಬಲ ಹುಬ್ಬಿನ ಬಾಲ ಪೂರ್ತಿ ವಾಪಸ್ ಬರಲೇ ಇಲ್ಲ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಿತ್ತರೆ ಕೂದಲಿನ ಬೇರಿಗೇ ಪೆಟ್ಟಾಗಿ, ಕೆಲವು ಶಾಶ್ವತವಾಗಿ ನಿಂತುಹೋಗುತ್ತವೆ. ಹರಳೆಣ್ಣೆಯನ್ನೂ ತಿಂಗಳುಗಟ್ಟಲೆ ಹಚ್ಚಿ ನೋಡಿದೆ. ಇದ್ದ ಕೂದಲು ಹೊಳೆಯಿತು, ಇಲ್ಲದ ಕೂದಲು ಬರಲಿಲ್ಲ. ಅದರಿಂದ ಕೂದಲು ಹುಟ್ಟುತ್ತದೆ ಅನ್ನಲು ಗಟ್ಟಿ ಪುರಾವೆಯೂ ಇಲ್ಲ. ಒಂದು ಮಾತು ಮಾತ್ರ ಇಲ್ಲೇ ಹೇಳಿಬಿಡಬೇಕು. ನಾನು ಕಿತ್ತು ಕಳೆದುಕೊಂಡೆ, ಕಾರಣ ಗೊತ್ತಿತ್ತು. ನೀವು ಕೀಳದೆಯೇ ಹುಬ್ಬಿನ ಹೊರಭಾಗ ತಾನಾಗಿ ತೆಳ್ಳಗಾಗುತ್ತಿದ್ದರೆ ಮೇಕಪ್ಪಿನಿಂದ ಮುಚ್ಚಿ ಸುಮ್ಮನಾಗಬೇಡಿ. ಥೈರಾಯ್ಡ್ ತೊಂದರೆಯಲ್ಲಿ ಹಾಗಾಗುವುದುಂಟು, ಬೇರೆ ಕಾರಣಗಳೂ ಇವೆ. ಡಾಕ್ಟರಿಗೆ ತೋರಿಸಿ.

ಹುಬ್ಬು ತೆಳ್ಳಗಿದ್ದ ದಿನಗಳಲ್ಲಿ "ಯಾಕೆ, ಹುಷಾರಿಲ್ವಾ?" ಅಂತ ಕೇಳಿದವರು ತುಂಬ ಜನ. ಬಾಲ ಇಲ್ಲದ ಹುಬ್ಬು ಮುಖವನ್ನು ಅಷ್ಟು ಬದಲಿಸುತ್ತದೆ. 2003ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಪ್ರಸಿದ್ಧರ ಫೋಟೋಗಳಲ್ಲಿ ಒಮ್ಮೆ ಕಣ್ಣು ಅಳಿಸಿ, ಒಮ್ಮೆ ಹುಬ್ಬು ಅಳಿಸಿ ಜನರಿಗೆ ತೋರಿಸಿದ್ದರು. ಹುಬ್ಬಿಲ್ಲದ ಮುಖವನ್ನು ಗುರುತಿಸುವುದೇ ಜಾಸ್ತಿ ಕಷ್ಟವಾಯಿತು. ಇದನ್ನು ಓದಿದಾಗ ನನಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ.

ನಾಲ್ಕು ತಿಂಗಳು ಕಳೆದ ಮೇಲೆ ನಾನು ಕೆಲಸದ ಕ್ರಮವನ್ನೇ ತಿರುಗಿಸಿದೆ. ಮೊದಲೆಲ್ಲ ಕಿತ್ತು ಆಕಾರ ಮಾಡಿ, ಉಳಿದದ್ದಕ್ಕೆ ಪೆನ್ಸಿಲ್ ಹಚ್ಚುತ್ತಿದ್ದೆ. ಈಗ ಒಂದು ಕೂದಲನ್ನೂ ಮುಟ್ಟದೆ ಮೊದಲು ಮೇಕಪ್ಪಿನಲ್ಲೇ ಪೂರ್ತಿ ಹುಬ್ಬು ತೀಡಿಕೊಳ್ಳುತ್ತೇನೆ. ಬೇಕಾದ ಆಕಾರ ಕಣ್ಣೆದುರಿಗೆ ಬಂದ ಮೇಲೆ, ಅದರಿಂದ ಹೊರಗೆ ಉಳಿದ ಕೂದಲನ್ನು ಮಾತ್ರ ಕೀಳುತ್ತೇನೆ. ಪೆನ್ಸಿಲ್ ತಪ್ಪಿದರೆ ಒರೆಸಬಹುದು. ಕಿತ್ತ ಕೂದಲಿಗೆ ತಿಂಗಳುಗಟ್ಟಲೆ ಕಾಯಬೇಕು.

ಅಳತೆಗೆ ಉದ್ದನೆಯ ಪೆನ್ಸಿಲ್ ಸಾಕು. ಮೂಗಿನ ಹೊಳ್ಳೆಯ ಪಕ್ಕ ನೆಟ್ಟಗೆ ನಿಲ್ಲಿಸಿದರೆ ಅದು ಹುಬ್ಬನ್ನು ಮುಟ್ಟುವ ಜಾಗ ಹುಬ್ಬಿನ ಶುರು. ಕೆಳತುದಿ ಅಲ್ಲೇ ಇಟ್ಟು, ನೇರ ನೋಡುತ್ತಾ, ಕಪ್ಪುಗುಡ್ಡೆಯ ಹೊರಅಂಚನ್ನು ಹಾಯುವಂತೆ ವಾಲಿಸಿದರೆ ಕಮಾನಿನ ಎತ್ತರದ ಜಾಗ ಸಿಗುತ್ತದೆ. ಕಣ್ಣಿನ ಹೊರಮೂಲೆಗೆ ವಾಲಿಸಿದರೆ ಬಾಲ ಮುಗಿಯುವ ಜಾಗ. ಮೂರೂ ಕಡೆ ತೆಳುವಾಗಿ ಚುಕ್ಕಿ ಇಡುತ್ತೇನೆ. ಈ ಅಳತೆ ಎಲ್ಲ ಮುಖಕ್ಕೂ ಹೊಂದುವುದಿಲ್ಲ. ನನ್ನ ಮೂಗು ಅಗಲ. ಹೊಳ್ಳೆಯಿಂದ ಅಳೆದರೆ ಹುಬ್ಬುಗಳ ನಡುವೆ ಬಯಲಿನಷ್ಟು ಜಾಗ ಬರುತ್ತದೆ, ಕಣ್ಣುಗಳು ದೂರ ದೂರ ಕಾಣುತ್ತವೆ. ಅದಕ್ಕೆ ನಾನು ಶುರುವಿನ ಚುಕ್ಕಿಯನ್ನು ಕಣ್ಣಿನ ಒಳಮೂಲೆಗೆ ಸರಿಯಾಗಿ ಮೇಲೆ ಇಡುತ್ತೇನೆ. ಬಾಲದ ವಿಷಯದಲ್ಲಿ ಮಾತ್ರ ಒಂದು ನಿಯಮ ಬಿಡುವುದಿಲ್ಲ. ಬಾಲದ ತುದಿ ಹುಬ್ಬಿನ ಶುರುವಿನ ಕೆಳಅಂಚಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ಕಣ್ಣೇ ಜೋತುಬಿದ್ದಂತೆ, ಅತ್ತು ಬಂದವರಂತೆ ಕಾಣುತ್ತದೆ.

ಬಣ್ಣದಲ್ಲಿ ನಾನು ತುಂಬ ದಿನ ತಪ್ಪು ಮಾಡಿದೆ. ತಲೆಗೂದಲು ಕಪ್ಪು ಅಂತ ಕಪ್ಪು ಪೆನ್ಸಿಲನ್ನೇ ತೆಗೆದುಕೊಂಡೆ. ಹುಬ್ಬಿನ ಕೂದಲಿನ ಸಂದಿಯಲ್ಲಿ ಚರ್ಮ ಕಾಣುವುದರಿಂದ, ದೂರದಿಂದ ನೋಡಿದರೆ ಅದರ ಬಣ್ಣ ನಾವು ಅಂದುಕೊಂಡದ್ದಕ್ಕಿಂತ ತಿಳಿ. ಅದರ ಮೇಲೆ ಅಚ್ಚ ಕಪ್ಪು ಹಾಕಿದರೆ ಅಂಟಿಸಿದ ಪಟ್ಟಿಯ ಹಾಗಾಗುತ್ತದೆ. ಕಪ್ಪು ಕೂದಲಿನವರಿಗೆ ಗಾಢ ಕಂದು ಸರಿಹೋಗುತ್ತದೆ, ಅದರಲ್ಲೂ ಬೂದಿ ಛಾಯೆಯ ಕಂದು. ಕೆಂಪು ಛಾಯೆಯ ಕಂದನ್ನು ಬಿಸಿಲಿನಲ್ಲಿ ನೋಡಿ, ಇಟ್ಟಿಗೆ ಬಣ್ಣ ಕಾಣುತ್ತದೆ. ತಲೆಗೂದಲು ತಿಳಿ ಬಣ್ಣದವರಿಗೆ ಲೆಕ್ಕ ಉಲ್ಟಾ. ಅವರು ಕೂದಲಿಗಿಂತ ಸ್ವಲ್ಪ ಗಾಢವಾದದ್ದು ತೆಗೆದುಕೊಳ್ಳಬೇಕು.

ಇನ್ನು ತುಂಬುವ ಕೆಲಸ. ನನಗೆ ಅತಿ ಇಷ್ಟವಾದದ್ದೂ ಇದೇ. ಮೊದಲು ಸ್ಪೂಲಿಯಿಂದ, ಅಂದರೆ ಮಸ್ಕಾರಾ ಕಡ್ಡಿಯಂಥ ಪುಟ್ಟ ಬ್ರಶ್ಶಿನಿಂದ, ಕೂದಲನ್ನು ಮೇಲಕ್ಕೆ ಬಾಚುತ್ತೇನೆ. ಹಾಗೆ ಬಾಚಿದಾಗಲೇ ಎಲ್ಲೆಲ್ಲಿ ನಿಜವಾಗಿ ಖಾಲಿ ಇದೆ ಅನ್ನುವುದು ಕಾಣುವುದು. ಫೌಂಡೇಶನ್ ಹಚ್ಚಿದ್ದರೆ ಹುಬ್ಬಿನ ಒಳಗೆ ಸೇರಿರುವುದನ್ನು ಒರೆಸಿಬಿಡುತ್ತೇನೆ. ಅದರ ಮೇಲೆ ಪೆನ್ಸಿಲ್ ಜಾರುತ್ತದೆ. ಆಮೇಲೆ ಶುರು ಮಾಡುವುದು ಕಮಾನಿನಿಂದ. ಅಲ್ಲಿಂದ ಬಾಲದ ಕಡೆಗೆ ಹೋಗಿ, ನಡುವಿಗೆ ವಾಪಸ್ ಬಂದು, ಮೂಗಿನ ಪಕ್ಕದ ತಲೆಭಾಗವನ್ನು ಕೊನೆಗೆ ಮುಟ್ಟುತ್ತೇನೆ. ಇದಕ್ಕೆ ಕಾರಣವಿದೆ. ಪೆನ್ಸಿಲ್ ಆಗಲಿ ಬ್ರಶ್ ಆಗಲಿ, ಮೊದಲು ಮುಟ್ಟಿದ ಜಾಗದಲ್ಲಿ ಬಣ್ಣ ಜಾಸ್ತಿ ಬಿಡುತ್ತದೆ. ಬಾಲ ಗಾಢವಾದರೆ ಚೆಂದ. ತಲೆಭಾಗ ಗಾಢವಾದರೆ ಮುಖ ಸಿಟ್ಟಿನಲ್ಲಿದ್ದ ಹಾಗಾಗುತ್ತದೆ. ಉಳಿದ ಚೂರುಪಾರು ಬಣ್ಣವೇ ತಲೆಭಾಗಕ್ಕೆ ಸಾಕು.

ಗೆರೆ ಎಳೆಯುವಾಗ ಕೂದಲು ಬೆಳೆಯುವ ದಿಕ್ಕನ್ನೇ ಹಿಡಿಯಬೇಕು. ತಲೆಭಾಗದಲ್ಲಿ ಕೂದಲು ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ, ನಡುವೆ ಓರೆಯಾಗಿ ಹೊರಕ್ಕೆ, ಬಾಲದಲ್ಲಿ ಕೆಳಮುಖವಾಗಿ ಇರುತ್ತದೆ. ಗೆರೆ ಗಿಡ್ಡವಾಗಿರಲಿ, ಒಂದು ಕೂದಲಿನಷ್ಟೇ. ಪೆನ್ಸಿಲನ್ನು ಹಿಂಬದಿಯಲ್ಲಿ ಹಿಡಿಯುತ್ತೇನೆ. ಮೊನೆಯ ಹತ್ತಿರ ಹಿಡಿದರೆ ಗೊತ್ತಿಲ್ಲದೆಯೇ ಒತ್ತಿಬಿಡುತ್ತೇವೆ. ಸುತ್ತಲೂ ಗೆರೆ ಹಾಕಿ ಒಳಗೆ ಬಣ್ಣ ತುಂಬುವುದು ಮಕ್ಕಳ ಚಿತ್ರದ ಪುಸ್ತಕಕ್ಕೆ ಸರಿ, ಹುಬ್ಬಿಗೆ ಬೇಡ. ಅಂಚು ಬೇಕೇ ಬೇಕು ಅನ್ನಿಸಿದರೆ ಕೆಳಅಂಚಿಗೆ ಮಾತ್ರ, ಅದೂ ನಡುವಿನಿಂದ ಬಾಲದವರೆಗೆ, ತೆಳುವಾಗಿ. ಮೇಲಂಚನ್ನು ಮೆತ್ತಗೆ ಬಿಟ್ಟುಬಿಡಿ. ಪ್ರತಿ ಐದಾರು ಗೆರೆಗೊಮ್ಮೆ ಸ್ಪೂಲಿಯಿಂದ ಬಾಚಿ. ಬಣ್ಣ ಹರಡಿ ಗೆರೆಗಳು ಕೂದಲಿನ ಜೊತೆ ಬೆರೆಯುತ್ತವೆ.

ಪೆನ್ಸಿಲ್ ಒಂದರಿಂದಲೇ ಎಲ್ಲ ಆಗಬೇಕೆಂದಿಲ್ಲ. ಕೂದಲು ದಟ್ಟವಾಗಿದ್ದು ಅಲ್ಲಲ್ಲಿ ತೆಳುವಾಗಿದ್ದರೆ ಓರೆ ತುದಿಯ ಬ್ರಶ್ಶಿನಲ್ಲಿ ಪೌಡರ್ ಹಚ್ಚಿದರೆ ಸಾಕು, ಅದು ತುಂಬ ಸಹಜವಾಗಿ ಕಾಣುತ್ತದೆ. ಕೂದಲೇ ಇಲ್ಲದ ಜಾಗದಲ್ಲಿ ಪೌಡರ್ ನಿಲ್ಲುವುದಿಲ್ಲ. ನನ್ನ ಬಲ ಬಾಲಕ್ಕೆ ಪೊಮೇಡ್ ಬೇಕೇ ಬೇಕು. ಮೇಣದಂಥ ಈ ಕ್ರೀಮ್ ಬೆವರಿಗೂ ಜಗ್ಗುವುದಿಲ್ಲ. ಆದರೆ ಬ್ರಶ್ಶಿಗೆ ತೆಗೆದುಕೊಂಡಷ್ಟನ್ನೂ ಹುಬ್ಬಿಗೆ ತಾಗಿಸಿದರೆ ಕೆಲಸ ಕೆಟ್ಟಿತು. ಮೊದಲು ಕೈಹಿಂಬದಿಗೆ ಒರೆಸಿ, ಉಳಿದ ಬಣ್ಣದಲ್ಲಿ ಬರೆಯುತ್ತೇನೆ. ಕೊನೆಗೆ ಬಣ್ಣವಿಲ್ಲದ ಜೆಲ್ಲಿನಿಂದ ಕೂದಲು ಕೂರಿಸುತ್ತೇನೆ. ಹುಬ್ಬಿನ ಕೆಳಗೆ ಬಣ್ಣ ಹರಡಿದ್ದರೆ ಒಂದು ಚೂರು ಕನ್ಸೀಲರ್. ಅದನ್ನು ಬೆರಳಿನಿಂದ ತಟ್ಟಿ ಬೆರೆಸಬೇಕು, ಇಲ್ಲದಿದ್ದರೆ ಬಿಳಿ ಗೆರೆ ಉಳಿದು, ಹುಬ್ಬಿಗಿಂತ ಅದೇ ಎದ್ದು ಕಾಣುತ್ತದೆ.

ಈಗ ಕನ್ನಡಿಯಿಂದ ಒಂದು ಮಾರು ಹಿಂದೆ ಹೋಗಬೇಕು. ಕಿಟಕಿಗೆ ಮುಖ ಮಾಡಿ, ಹಗಲಿನ ಬೆಳಕಿನಲ್ಲಿ. ಬೆಳಕು ಒಂದೇ ಪಕ್ಕದಿಂದ ಬಿದ್ದರೆ ಒಂದು ಹುಬ್ಬು ದಪ್ಪ ಕಾಣುತ್ತದೆ, ಮೋಸ ಹೋಗುತ್ತೇವೆ. ಭೂತಗನ್ನಡಿಯನ್ನಂತೂ ನಾನು ಮನೆಯಿಂದಲೇ ತೆಗೆದುಹಾಕಿದೆ. ಅದರಲ್ಲಿ ಕೂದಲು ಕಾಣುತ್ತದೆ, ಮುಖ ಕಾಣುವುದಿಲ್ಲ. ನನ್ನ ಹುಬ್ಬು ಹಾಳಾದದ್ದರಲ್ಲಿ ಅರ್ಧ ಪಾಲು ಅದರದ್ದು.

ಕೀಳುವುದು ಸ್ನಾನದ ನಂತರ, ಚರ್ಮ ಮೆತ್ತಗಿದ್ದಾಗ ಸುಲಭ. ಹಾಗಾಗಿ ಕೀಳುವ ದಿನ ಸ್ನಾನ ಮುಗಿಸಿಯೇ ತೀಡಲು ಕೂರುತ್ತೇನೆ. ಚರ್ಮವನ್ನು ಬೆರಳಿನಿಂದ ಬಿಗಿಯಾಗಿ ಹಿಡಿದು, ಕೂದಲು ಬೆಳೆದ ದಿಕ್ಕಿಗೇ, ಬುಡದ ಹತ್ತಿರ ಹಿಡಿದು ಎಳೆಯಬೇಕು. ಒಂದೊಂದೇ. ಎಡಗಡೆ ಎರಡು ಕಿತ್ತರೆ ಬಲಗಡೆ ಎರಡು, ಮತ್ತೆ ಹಿಂದೆ ಹೋಗಿ ನೋಡುವುದು. ತೀಡಿದ ಆಕಾರಕ್ಕೆ ತೀರಾ ಅಂಟಿಕೊಂಡಿರುವ ಕೂದಲನ್ನು ಬಿಟ್ಟುಬಿಡುತ್ತೇನೆ. ಉದ್ದ ಬೆಳೆದದ್ದನ್ನು ಕತ್ತರಿಸುವಾಗಲೂ ಹೀಗೇ. ಒಮ್ಮೆ ಒಂದು ಪಾರ್ಲರಿನಲ್ಲಿ ಬಾಚಣಿಗೆಯಿಂದ ಮೇಲೆತ್ತಿ ಎಲ್ಲವನ್ನೂ ಒಂದೇ ಏಟಿಗೆ ಕತ್ತರಿಸಿದರು. ಕೂದಲು ವಾಪಸ್ ಕೂತಾಗ ನಡುವೆ ತೂತು ಬಿದ್ದಿತ್ತು. ಈಗ ನಾನೇ ಪುಟ್ಟ ಕತ್ತರಿಯಿಂದ, ಮೇಲಂಚು ದಾಟಿದ ಕೂದಲಿನ ತುದಿಯನ್ನು ಮಾತ್ರ, ಒಂದೊಂದಾಗಿ ತೆಗೆಯುತ್ತೇನೆ. ಮುಖಕ್ಕೆ ರೆಟಿನಾಲ್ (ವಿಟಮಿನ್ ಎ ಬಗೆಯ ಕ್ರೀಮ್) ಹಚ್ಚುವವರು ಹುಬ್ಬಿಗೆ ವ್ಯಾಕ್ಸ್ ಮಾಡಿಸಬೇಡಿ, ಚರ್ಮದ ಮೇಲ್ಪದರ ಕಿತ್ತುಬರಬಹುದು. ಹುಬ್ಬಿಗೆ ಡೈ ಹಾಕಿಸುವವರು 48 ಗಂಟೆ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ಅಲರ್ಜಿ ಇಲ್ಲವೆಂದು ನೋಡಿಕೊಳ್ಳಲೇಬೇಕು. ಕಣ್ಣಿನ ಪಕ್ಕದ ವಿಷಯ ಇದು.

ಹೋದ ತಿಂಗಳು ತಂಗಿ ಬಂದಿದ್ದಳು. "ಅಕ್ಕಾ, ನನ್ನ ಹುಬ್ಬು ಕಾಡಿನ ಹಾಗಿದೆ, ಪೂರ್ತಿ ತೆಳ್ಳಗೆ ಮಾಡಿಬಿಡು" ಅಂದಳು. ಅವಳನ್ನು ಮಲಗಿಸದೆ, ಕಿಟಕಿ ಎದುರು ಕುರ್ಚಿಯಲ್ಲಿ ಕೂರಿಸಿದೆ. ಮಲಗಿದರೆ ಮುಖದ ಚರ್ಮ ಹಿಂದಕ್ಕೆ ಜಾರಿ ಹುಬ್ಬಿನ ಜಾಗವೇ ಬದಲಾಗುತ್ತದೆ. ಕಣ್ಣು ಮುಚ್ಚಿಸಿ, ಹಣೆ ಸಡಿಲ ಬಿಡಿಸಿ, ಮೂರು ಚುಕ್ಕಿ ಇಟ್ಟು, ಪೌಡರಿನಲ್ಲಿ ಎರಡೂ ಹುಬ್ಬು ತೀಡಿದೆ. ಹತ್ತು ನಿಮಿಷ ಹಿಡಿಯಿತು. ಆಕಾರದಿಂದ ಹೊರಗೆ ಉಳಿದಿದ್ದು ಎಡಗಡೆ ನಾಲ್ಕು, ಬಲಗಡೆ ಮೂರು ಕೂದಲು. ಅಷ್ಟನ್ನು ಕಿತ್ತು ಕನ್ನಡಿ ಅವಳ ಕೈಗೆ ಕೊಟ್ಟೆ.

ತುಂಬ ಹೊತ್ತು ನೋಡಿದಳು. "ಇಷ್ಟೇನಾ ಅಕ್ಕಾ?" ಅಂದಳು. ಕನ್ನಡಿ ಮಾತ್ರ ಕೆಳಗಿಡಲಿಲ್ಲ.